ಸೈನಿಕನ ಕುಲವೃತ್ತಾಂತವೂ ಸತ್ಯಾಣುವ್ರತವೂ

ಮನೆಯ ಹಿರಿಯರೊಬ್ಬರು ಕಾಲವಾಗಿ ಸೂತಕ ಕಳೆದ ಮೇಲೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸುವ ದಿನವೊಂದು ಎಲ್ಲ ಕುಟುಂಬಗಳಿಗೂ ಬರುತ್ತದೆ. ಮಕ್ಕಳು ಪೆಟ್ಟಿಗೆಯ ಸುತ್ತ ಕುಳಿತು ಕಾಗದಗಳನ್ನು ಎರಡು ಪಾಲು ಮಾಡುತ್ತಾರೆ. ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀದಿ, ಬ್ಯಾಂಕಿನ ಪಾಸ್‌ಬುಕ್ಕು ಒಂದು ಪಾಲು. ಇವು ಕಬ್ಬಿಣದ ಬೀರುವನ್ನು ಸೇರುತ್ತವೆ. ಹಳೆಯ ಪಂಚಾಂಗ, ಮದುವೆಯ ಕರೆಯೋಲೆ, ಗುರುತು ಸಿಗದವರ ಛಾಯಾಚಿತ್ರ, ಓದಲು ಬಾರದ ಪತ್ರಗಳು ಇನ್ನೊಂದು ಪಾಲು. ಇವು ಬಚ್ಚಲ ಒಲೆಯನ್ನು ಸೇರುತ್ತವೆ. ತೀರಿಕೊಂಡವರು ಎಂದೋ ಸೇನೆಯಲ್ಲಿದ್ದವರಾದರೆ ಅವರ ಡಿಸ್ಚಾರ್ಜ್ ಬುಕ್ಕು ಯಾವ ಪಾಲಿಗೆ ಬೀಳುತ್ತದೆಂಬುದು, ಆ ಹೊತ್ತಿನಲ್ಲಿ ಅದನ್ನು ಕೈಗೆತ್ತಿಕೊಂಡವನ ತಿಳಿವಳಿಕೆಯನ್ನು ಅವಲಂಬಿಸಿದೆ. ಆಸ್ತಿಗೆ ಸಂಬಂಧಿಸಿದ್ದಲ್ಲವೆಂದು ಅವನಿಗೆ ಕಂಡರೆ ಅದೂ ಒಲೆಗೇ. ಒಬ್ಬ ಮನುಷ್ಯನ ಯೌವನದ ಏಳೆಂಟು ಅಥವಾ ಹದಿನೈದು ವರ್ಷಗಳ ಲೆಕ್ಕ ಒಂದು ಹಂಡೆ ನೀರು ಕಾಯಿಸುವುದಕ್ಕೆ ವೆಚ್ಚವಾಗಿ ಹೋಗುತ್ತದೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಈ ಮಾತನ್ನು ಎತ್ತುವುದಕ್ಕೆ ವಿಶೇಷ ಕಾರಣವಿದೆ. ಯೋಧನ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸುವ ಪದ್ಧತಿ ಇಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಕೆರೆಯ ಏರಿಯ ಮೇಲೆ, ಊರಬಾಗಿಲಲ್ಲಿ, ಗುಡಿಯ ಪಕ್ಕದಲ್ಲಿ ವೀರಗಲ್ಲುಗಳು ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಎರಡು ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲಿನ ಪಟ್ಟಿಕೆಯಲ್ಲಿ ಶಿವಲಿಂಗದ ಸನ್ನಿಧಿ, ಜೈನ ವೀರನ ಕಲ್ಲಾದರೆ ಜಿನಬಿಂಬ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ೧೧ನೆಯ ಸಂಪುಟವನ್ನು ಈ ಜಿಲ್ಲೆಯ ಶಾಸನಗಳಿಗಾಗಿಯೇ ಮೀಸಲಿಟ್ಟರು. ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆ, ಬಾಳ್ಗಳ್ಚು ಎಂಬ ಹೆಸರುಗಳು ಕನ್ನಡ ಶಾಸನಗಳಲ್ಲಿ ಬಳಕೆಯಲ್ಲಿದ್ದವು. ರಾಜ್ಯವು ಯೋಧನ ಸಾವನ್ನು ಒಂದು ಋಣವೆಂದು ಭಾವಿಸಿ ತೀರಿಸುತ್ತಿತ್ತೆಂಬುದಕ್ಕೆ ಈ ಎರಡು ಪದಗಳೇ ಸಾಕ್ಷಿ.

ಆದರೆ ವೀರಗಲ್ಲಿಗೆ ಗೊತ್ತಿರುವುದು ಸತ್ತವನು ಮಾತ್ರ. ಅದೇ ತುರುಗಾಳಗದಲ್ಲಿ ಹೋರಾಡಿ, ಒಂದು ಕೈ ಕಳೆದುಕೊಂಡು ಊರಿಗೆ ಮರಳಿ, ಮುಂದೆ ನಲವತ್ತು ವರ್ಷ ಆರು ಕಟ್ಟಿ ಬಾಳಿದವನಿಗೆ ಕಲ್ಲಿಲ್ಲ. ಆಧುನಿಕ ಕಾಲದ ಸ್ಮಾರಕಗಳೂ ಇದೇ ಜಾಡಿನವು. ಮೊದಲನೆಯ ಮಹಾಯುದ್ಧಕ್ಕೆ ಭಾರತದಿಂದ ಹದಿಮೂರು ಲಕ್ಷಕ್ಕೂ ಮಿಕ್ಕ ಜನ ಹೊರಟರು. ಮಡಿದವರು ಸುಮಾರು ೭೪,೦೦೦. ೧೯೩೧ರಲ್ಲಿ ಉದ್ಘಾಟನೆಯಾದ ದೆಹಲಿಯ ಇಂಡಿಯಾ ಗೇಟಿನ ಮೇಲೆ ೧೩,೦೦೦ಕ್ಕೂ ಹೆಚ್ಚು ಹೆಸರುಗಳಿವೆ. ಎರಡನೆಯ ಮಹಾಯುದ್ಧಕ್ಕೆ ಸೇರಿದವರು ೨೫ ಲಕ್ಷ, ಮಡಿದವರು ಸುಮಾರು ೮೭,೦೦೦. ಸ್ವಾತಂತ್ರ್ಯಾನಂತರ ಮಡಿದವರಿಗಾಗಿ ೨೦೧೯ರ ಫೆಬ್ರವರಿ ೨೫ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ೨೫,೦೦೦ಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಲಾಗಿದೆ. ಎರಡು ಮಹಾಯುದ್ಧಗಳಿಗೂ ಹೋದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕಿ ಬಂದವರೇ. ಅವರ ಹೆಸರು ಗೋಡೆಯ ಮೇಲಿರುವುದಿಲ್ಲ. ಇರಬೇಕೆಂದು ಅವರು ಕೇಳಿದವರೂ ಅಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಗಳಲ್ಲಿ ಜೋಧಪುರದ ಪಡೆಯ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಇತ್ತು. ಕಾರ್ಮೆಲ್ ಬೆಟ್ಟದ ಮೇಲಿದ್ದ ಫಿರಂಗಿಗಳತ್ತ ಕುದುರೆ ಏರಿಸಿದವರು ಈ ಸಂಸ್ಥಾನದವರು. ದೆಹಲಿಯ ತೀನ್ ಮೂರ್ತಿಯಲ್ಲಿ ೧೯೨೨ರಿಂದ ನಿಂತಿರುವ ಮೂರು ವಿಗ್ರಹಗಳಲ್ಲಿ ಒಂದು ಮೈಸೂರನ್ನು ಪ್ರತಿನಿಧಿಸುತ್ತದೆ. ವಿಗ್ರಹಕ್ಕೆ ಮುಖವಿದೆ, ಹೆಸರಿಲ್ಲ. ಹೆಸರು ಇರಬಹುದಾದ ಸ್ಥಳ ಅಂಥವರ ಮೊಮ್ಮಕ್ಕಳ ಮನೆಯ ಅಟ್ಟ.

ಇದೇ ಚಿತ್ರದುರ್ಗದ ಇತಿಹಾಸದಲ್ಲಿ ಇದಕ್ಕಿಂತ ಕಠಿಣವಾದ ಒಂದು ಉದಾಹರಣೆಯಿದೆ. ೧೭೭೯ರಲ್ಲಿ ಹೈದರಾಲಿಯು ದುರ್ಗವನ್ನು ವಶಪಡಿಸಿಕೊಂಡ ಮೇಲೆ ಇಲ್ಲಿನ ೨೦,೦೦೦ ಮಂದಿ ಬೇಡ ನಾಯಕ ಸಮುದಾಯದವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ, ಅವರಲ್ಲಿನ ಹುಡುಗರನ್ನು ಚೇಲಾ ಪಡೆಗಳಿಗೆ ತರಬೇತು ಮಾಡಿದನೆಂದೂ ವಿಲ್ಕ್ಸನ ಇತಿಹಾಸ ಹೇಳುತ್ತದೆ. ಇಪ್ಪತ್ತು ಸಾವಿರವೆಂಬ ಅಂಕೆಯನ್ನು ಬರೆದವನು ಅವರಲ್ಲಿ ಒಬ್ಬ ಹುಡುಗನ ಹೆಸರನ್ನೂ ಬರೆಯಲಿಲ್ಲ. ಸಂಖ್ಯೆಯು ಗೆದ್ದವನ ದಾಖಲೆ. ಹೆಸರು ಮನೆಯವರ ದಾಖಲೆ.

ಸರಕಾರದ ಬಳಿ ಎಲ್ಲವೂ ಭದ್ರವಾಗಿರುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಪೂರ್ತಿ ನಿಜವಲ್ಲ. ಪಿಂಚಣಿಗೆ ಅರ್ಹನಾಗದೆ ಬಿಡುಗಡೆ ಹೊಂದಿದ ಸಿಪಾಯಿಯ ಸೇವಾ ಕಾಗದಗಳನ್ನು ರೆಕಾರ್ಡ್ ಆಫೀಸು ೨೫ ವರ್ಷ ಇಟ್ಟುಕೊಂಡು ಆಮೇಲೆ ನಾಶಮಾಡಬೇಕೆಂಬುದು ಸೇನೆಯ ನಿಯಮ. ಲಾಂಗ್ ರೋಲ್ ಎಂಬ ದೊಡ್ಡ ಪುಸ್ತಕದಲ್ಲಿ ಮಾತ್ರ ಅವನ ವಿಷಯವಾಗಿ ಒಂದು ನಮೂದು ಉಳಿಯುತ್ತದೆ. ಸಾಮಾನ್ಯ ಸಿಪಾಯಿಗೆ ಪಿಂಚಣಿ ಸಿಗಬೇಕಾದರೆ ೧೫ ವರ್ಷಗಳ ಸೇವೆ ಬೇಕು. ಎರಡನೆಯ ಮಹಾಯುದ್ಧಕ್ಕೆ ಸೇರಿ, ನಾಲ್ಕೈದು ವರ್ಷ ದುಡಿದು, ೧೯೪೬ರ ಆಸುಪಾಸಿನಲ್ಲಿ ಪಡೆ ವಿಸರ್ಜನೆಯಾದಾಗ ಮನೆಗೆ ಕಳುಹಿಸಲ್ಪಟ್ಟ ಲಕ್ಷಾಂತರ ಮಂದಿ ಈ ಮಿತಿಯ ಈಚೆಗೇ ನಿಂತವರು. ೧೯೭೧ರ ಹೊತ್ತಿಗೆ ಅವರ ಕಾಗದಗಳ ಗಡುವು ತೀರಿತು. ಮುಂದೆ ಯಾವುದಾದರೂ ಸಹಾಯಧನಕ್ಕೆ ಅವರ ವಿಧವೆ ಅರ್ಜಿ ಹಾಕಿದಾಗ ಕಛೇರಿಗೆ ತೋರಿಸಲು ಉಳಿಯುವುದು ಆ ಡಿಸ್ಚಾರ್ಜ್ ಬುಕ್ಕು ಒಂದೇ. ಅದನ್ನು ಒಲೆಗೆ ಹಾಕಿದವರು ಬರಿಯ ನೆನಪನ್ನಲ್ಲ, ಒಬ್ಬ ಮುದುಕಿಯ ಮಾತ್ರೆಯ ದುಡ್ಡನ್ನೂ ಸುಟ್ಟಿರಬಹುದು.

ಪಿಂಚಣಿ ಇರುವ ಕುಟುಂಬಗಳಿಗೂ ಈ ತೊಡಕು ತಪ್ಪಿದ್ದಲ್ಲ. ಮದುವೆ, ಮಕ್ಕಳ ಜನನ ಮೊದಲಾದುವನ್ನು ಸೇನೆಯು ಪಾರ್ಟ್ ಟೂ ಆರ್ಡರಿನಲ್ಲಿ ದಾಖಲಿಸಿಕೊಳ್ಳುತ್ತದೆ. ಅಲ್ಲಿ ಪತ್ನಿಯ ಹೆಸರು ಗೌರಮ್ಮ ಎಂದಿದ್ದು ಆಧಾರ್ ಚೀಟಿಯಲ್ಲಿ ಗೌರಿಬಾಯಿ ಎಂದಿದ್ದರೆ ಕುಟುಂಬ ಪಿಂಚಣಿ ನಿಂತು ಹೋಗುತ್ತದೆ. ಎರಡೂ ಹೆಸರು ಒಬ್ಬಳದೇ ಎಂದು ತೋರಿಸುವ ಹಳೆಯ ಕಾಗದಕ್ಕಾಗಿ ಹುಡುಕಾಟ ಆರಂಭವಾಗುತ್ತದೆ. ಇಲ್ಲಿ ಉದಾಹರಣೆಗಾಗಿ ಹೆಸರುಗಳನ್ನು ಕಲ್ಪಿಸಿದ್ದರೂ ತೊಂದರೆ ಕಲ್ಪಿತವಲ್ಲ.

ಬೇರೆ ನಾಡಿನಲ್ಲಿ ಇದಕ್ಕೆ ಒಳ್ಳೆಯ ಮಾದರಿಯೊಂದು ದೊರೆಯುತ್ತದೆ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಪಂಜಾಬು ಪ್ರಾಂತದ ಸರಕಾರವು ಹಳ್ಳಿ ಹಳ್ಳಿಗೂ ಹೋಗಿ, ಯುದ್ಧಕ್ಕೆ ಹೋದವರೆಲ್ಲರ ಪಟ್ಟಿಯನ್ನು ಬರೆಯಿಸಿತು. ಸತ್ತವರನ್ನಷ್ಟೇ ಅಲ್ಲದೆ ಮರಳಿದವರನ್ನೂ, ತಂದೆಯ ಹೆಸರಿನೊಡನೆ. ಸುಮಾರು ೨೬,೦೦೦ ಪುಟಗಳ ಆ ಪುಸ್ತಕಗಳು ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ತೊಂಬತ್ತೇಳು ವರ್ಷ ಬಹುತೇಕ ಯಾರೂ ನೋಡದೆ ಕುಳಿತಿದ್ದವು. ೨೦೨೧ರಲ್ಲಿ ಅವುಗಳ ಮೊದಲ ಭಾಗವನ್ನು ಗಣಕದಲ್ಲಿ ಅಳವಡಿಸಿ ಪ್ರಕಟಿಸಿದಾಗ ಆ ಪುಸ್ತಕಗಳಲ್ಲಿ ಒಟ್ಟು ೩,೨೦,೦೦೦ ಸೈನಿಕರ ವಿವರವಿದೆಯೆಂದು ತಿಳಿಯಿತು. ಮೊಮ್ಮಕ್ಕಳ ಮಕ್ಕಳು ತಮ್ಮ ಹಳ್ಳಿಯ ಹೆಸರನ್ನು ಹಾಕಿ ಮುತ್ತಜ್ಜನನ್ನು ಕಂಡುಕೊಂಡರು. ಯಾರೋ ಒಬ್ಬ ಪಟವಾರಿಯು ಬೇಸರಪಡದೆ ಬರೆದಿಟ್ಟದ್ದು ಶತಮಾನದ ಆಚೆಗೆ ಫಲಿಸಿತು.

ಈ ಸೀಮೆಯ ಕುಟುಂಬಗಳಲ್ಲಿ ಏನೇನು ಸಿಗುತ್ತದೆ? ಡಿಸ್ಚಾರ್ಜ್ ಬುಕ್ಕಿನಲ್ಲಿ ನಂಬರು, ದರ್ಜೆ, ಸೇರಿದ ಮತ್ತು ಬಿಟ್ಟ ದಿನ, ತಂದೆಯ ಹೆಸರು, ಊರು, ತಾಲ್ಲೂಕು, ಮೈಮೇಲಿನ ಗುರುತು, ನಡತೆಯ ಷರಾ ಇರುತ್ತವೆ. ಮೊದಲನೆಯ ಮಹಾಯುದ್ಧದ ಪದಕದ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ನಂಬರು, ಹೆಸರು, ಪಡೆ ಕಾಣುತ್ತವೆ. ಅದರಲ್ಲಿ ಸಿಪಾಯಿಗಳಿಗೆ ಕೊಟ್ಟದ್ದು ಬೆಳ್ಳಿಯದು. ಮೂಟೆ ಹೊತ್ತ ಕೂಲಿ ದಳದವರಿಗೆ ಕೊಟ್ಟದ್ದು ಕಂಚಿನದು. ಬೆಳ್ಳಿಯ ಪದಕ ತೂಕಕ್ಕೆ ಮಾರಾಟವಾಗಿ ಕರಗುತ್ತದೆ, ಕಂಚಿಗೆ ಬೆಲೆಯಿಲ್ಲದ್ದರಿಂದ ಅದು ಉಳಿಯುತ್ತದೆ. ಕೂಲಿಯವನ ಹೆಸರು ಸಿಪಾಯಿಯ ಹೆಸರಿಗಿಂತ ದೀರ್ಘಾಯುವಾಗಲು ಇಂಥ ಕಾರಣವೂ ಇರಬಹುದು. ಮಾಜಿ ಸೈನಿಕನೆಂದು ಸರಕಾರ ಜಮೀನು ಮಂಜೂರು ಮಾಡಿದ್ದರೆ ಆ ಆಜ್ಞಾಪತ್ರ ಮತ್ತು ಪಹಣಿ ಇವೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಡನೆ ಬಂದು ಮನೆಯ ಮುಂದೆ ನಿಂತು ವಂಶಾವಳಿಯನ್ನು ಹೇಳಿ, ದವಸ ಪಡೆದು, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು ಹೋಗುವ ಹೆಳವರು ಇದ್ದಾರೆ; ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾವ ಅಣ್ಣತಮ್ಮಂದಿರು ಬೇರೆಯಾದರು ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಹೆಳವರು ಬಂದಾಗ ಅರ್ಧ ಗಂಟೆ ಕುಳಿತು ಕೇಳುವ ವ್ಯವಧಾನ ಈಗಿನ ಮನೆಗಳಲ್ಲಿ ಕಡಿಮೆಯಾಗಿದೆ.

ಇನ್ನೊಂದು ದಾಖಲೆಯಿದೆ, ಅದು ಸೈನಿಕನ ಮನೆಯಲ್ಲಿಲ್ಲ, ವರ್ತಕನ ಮನೆಯಲ್ಲಿದೆ. ಮಗ ಪಡೆಯಲ್ಲಿದ್ದಾಗ ತಿಂಗಳಿಗೊಮ್ಮೆ ಬಂದ ಮನಿಯಾರ್ಡರಿನ ಹಣ ಎಲ್ಲಿಗೆ ಹೋಗುತ್ತಿತ್ತು? ಬಹುಮಟ್ಟಿಗೆ ಅಂಗಡಿಯ ಬಾಕಿಗೆ. ಕಿರ್ದಿಯಲ್ಲಿ ಆ ದಿನದ ಜಮೆ, ಖಾತೆಯಲ್ಲಿ ಆ ಮನೆಯವರ ಹೆಸರಿನ ಕೆಳಗೆ ಇಳಿದ ಬಾಕಿ. ಹಣ ಎರಡು ತಿಂಗಳು ಬಾರದಿದ್ದರೆ ಬಾಕಿ ಏರಿರುತ್ತದೆ. ಮಗನ ಪಡೆ ಆಗ ಗಡಿಯಲ್ಲಿತ್ತೆಂಬುದನ್ನು ಆ ಏರಿಕೆ ಹೇಳುತ್ತದೆ. ಅಕ್ಷರ ಬಾರದ ತಾಯಿಗೆ ಪತ್ರ ಓದಿ ಹೇಳಿದವರೂ, ಉತ್ತರ ಬರೆದುಕೊಟ್ಟವರೂ ಎಷ್ಟೋ ಕಡೆ ಅಂಗಡಿಯ ಗುಮಾಸ್ತರೇ. ಆದುದರಿಂದ ಜೈನ ವರ್ತಕ ಮನೆಗಳ ಹಳೆಯ ಲೆಕ್ಕದ ಪುಸ್ತಕಗಳಲ್ಲಿ ತಮ್ಮದಲ್ಲದ ಅನೇಕ ಕುಲಗಳ ಚರಿತ್ರೆ ಅಡಗಿದೆ. ತೆರಿಗೆಯ ಕಾನೂನು ಹೇಳಿದ ಅವಧಿ ಮುಗಿಯಿತೆಂದು ಅವುಗಳನ್ನು ರದ್ದಿಗೆ ಹಾಕುವ ಹಕ್ಕು ಮಾಲೀಕನಿಗೆ ಉಂಟು. ಆ ಹಕ್ಕನ್ನು ಚಲಾಯಿಸುವ ಮುನ್ನ ಒಮ್ಮೆ ಪುಟ ತಿರುವುವುದು ನೆರೆಹೊರೆಯ ಧರ್ಮ.

ಇಷ್ಟಾದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆತನದಲ್ಲಿ ಅಜ್ಜನೊಬ್ಬ ಬಂದೂಕು ಹಿಡಿದಿದ್ದರೆ ಅದನ್ನು ಬರೆದಿಡಬೇಕೇ? ಹೊಳಲ್ಕೆರೆಯ ಒಂದು ಶ್ರಾವಕ ಕುಟುಂಬ ತನ್ನ ಕುಲವೃತ್ತಾಂತವನ್ನು ಅಚ್ಚು ಹಾಕಿಸುತ್ತಿದೆಯೆಂದು ಭಾವಿಸೋಣ. ಯಾರು ಯಾವ ಬಸದಿಗೆ ಏನು ಕೊಟ್ಟರು, ಯಾರು ಪಂಚಕಲ್ಯಾಣದಲ್ಲಿ ಇಂದ್ರರಾಗಿ ಕುಳಿತರು ಎಂಬುದಕ್ಕೆ ಪುಟಗಳು ಮೀಸಲಾಗಿವೆ. ಪದಾತಿ ಪಡೆಯಲ್ಲಿದ್ದ ಅಜ್ಜನ ವಿಷಯ ಬಂದಾಗ ‘ಕೆಲಕಾಲ ಸರಕಾರಿ ನೌಕರಿಯಲ್ಲಿದ್ದರು’ ಎಂಬ ಒಂದು ವಾಕ್ಯ. ಇದು ಸುಳ್ಳಲ್ಲವೆಂದು ಬರೆದವರು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಸತ್ಯವನ್ನು ಹೀಗೆ ಬಟ್ಟೆಯಲ್ಲಿ ಸುತ್ತಿಡುವ ಅಗತ್ಯವನ್ನು ಧರ್ಮ ಹೇಳಿದೆಯೇ?

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ಎಲ್ಲರಿಗೂ ತಿಳಿದ ವಿಷಯ. ಶ್ರಾವಕನು ಸಂಪೂರ್ಣವಾಗಿ ಬಿಡಲೇಬೇಕಾದದ್ದು ಮೊದಲನೆಯದು. ಆಕ್ರಮಿಸಿ ಬಂದವನನ್ನು ಎದುರಿಸುವ ವಿರೋಧೀ ಹಿಂಸೆಯು ಅವನ ಸ್ಥಿತಿಯಲ್ಲಿ ಅನಿವಾರ್ಯವಾಗಬಹುದು. ಹತ್ತನೆಯ ಶತಮಾನದ ಸೋಮದೇವಸೂರಿಯು ಶಸ್ತ್ರವನ್ನು ಎತ್ತಬೇಕಾದದ್ದು ಯುದ್ಧಕ್ಕೆ ಬಂದವನ ಮೇಲೆ ಅಥವಾ ನಾಡಿಗೆ ಕಂಟಕನಾದವನ ಮೇಲೆ, ದೀನರ ಮೇಲಲ್ಲ ಎಂಬ ಎಲ್ಲೆಯನ್ನು ಹಾಕಿದನು. ಅನಿವಾರ್ಯವೆಂದರೆ ಪಾಪವಿಲ್ಲವೆಂದು ಅರ್ಥವಲ್ಲ. ಕರ್ಮ ಬಂಧಿಸಿಯೇ ಬಂಧಿಸುತ್ತದೆ. ಕಷಾಯದ ತೀವ್ರತೆಗೆ ತಕ್ಕಂತೆ ಬಂಧ. ಅಂದಮೇಲೆ ಸೈನಿಕನ ಖಾತೆಯಲ್ಲಿ ಆ ಖರ್ಚನ್ನು ಬರೆಯುವುದು ಅಪಮಾನವಲ್ಲ, ಬರೆಯದೆ ಶಿಲ್ಕು ಕೂಡಿಸುವುದು ಮಾತ್ರ ತಪ್ಪು ಲೆಕ್ಕ.

ಚಾವುಂಡರಾಯನ ವಿಷಯದಲ್ಲಿ ಪ್ರಾಚೀನರು ಏನು ಮಾಡಿದರೆಂಬುದನ್ನು ನೋಡಬಹುದು. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಈ ಮಹಾಶ್ರಾವಕನು ಗಂಗರ ದಂಡನಾಯಕ. ಕ್ರಿ.ಶ. ೯೭೮ರ ಚಾವುಂಡರಾಯ ಪುರಾಣದಲ್ಲಿ ಅವನ ಬಿರುದುಗಳ ಲೆಕ್ಕವಿದೆ, ಪ್ರತಿಯೊಂದು ಬಿರುದೂ ಯಾವ ಯುದ್ಧದಿಂದ ಬಂದಿತೆಂಬ ವಿವರದೊಡನೆ. ಗೋನೂರಿನ ಕಣದಲ್ಲಿ ನೊಳಂಬರೊಡನೆ ಕಾದು ವೀರಮಾರ್ತಾಂಡನಾದ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿ ರಣರಂಗಸಿಂಗನಾದ. ತನ್ನ ತಮ್ಮ ನಾಗವರ್ಮನನ್ನು ಕೊಂದ ಮುದುರಾಚಯ್ಯನನ್ನು ಕೊಂದು ಸಮರಪರಶುರಾಮನಾದ. ಕೊನೆಯದು ಸೇಡಿನ ಕೊಲೆ. ವಿರೋಧೀ ಹಿಂಸೆಯ ಎಲ್ಲೆಯೊಳಗೆ ಅದನ್ನು ಸೇರಿಸುವುದು ಯಾವ ಪಂಡಿತನಿಗೂ ಸುಲಭವಲ್ಲ. ಆದರೂ ಅದನ್ನು ಅಡಗಿಸಿಲ್ಲ. ಹಾಸ್ಯಕ್ಕೂ ಸುಳ್ಳಾಡದವನೆಂಬ ಕಾರಣಕ್ಕೆ ಬಂದ ಸತ್ಯಯುಧಿಷ್ಠಿರನೆಂಬ ಬಿರುದು ಅದೇ ಸಾಲಿನಲ್ಲಿದೆ. ಎರಡೂ ಒಬ್ಬನವೇ ಎಂದು ಓದುಗನು ನುಂಗಿಕೊಳ್ಳಬೇಕು.

ಇಲ್ಲಿ ಚಿತ್ರದುರ್ಗದ ಓದುಗರು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಈ ನಾಡು ಆ ಕಾಲಕ್ಕೆ ನೊಳಂಬವಾಡಿ ಮೂವತ್ತಿರ್ಚ್ಛಾಸಿರದ ಭಾಗ. ನೊಳಂಬರ ರಾಜಧಾನಿಯಾದ ಹೇಮಾವತಿ ಹಿರಿಯೂರಿನ ಪೂರ್ವಕ್ಕೆ, ಇಂದಿನ ಆಂಧ್ರದ ಗಡಿಯೊಳಗೆ, ಹೆಚ್ಚು ದೂರವಿಲ್ಲ. ಉಚ್ಚಂಗಿದುರ್ಗ ದಾವಣಗೆರೆಯ ಸಮೀಪದಲ್ಲಿದೆ. ಚಾವುಂಡರಾಯನ ಒಡೆಯನಾದ ಮಾರಸಿಂಹನ ಬಿರುದು ನೊಳಂಬಕುಲಾಂತಕ. ಅಂದರೆ ಪುರಾಣದಲ್ಲಿ ವಿಜಯವೆಂದು ಬರೆದದ್ದು ಈ ಮಣ್ಣಿನವರ ಸೋಲು. ಶ್ರಾವಕಶಿರೋಮಣಿಯ ಶೌರ್ಯವನ್ನು ಇಲ್ಲಿಯ ಬಸದಿಯಲ್ಲಿ ಕುಳಿತು ಓದುವವರು ಸೋತವರ ನೆಲದ ಮೇಲೆ ಕುಳಿತಿದ್ದಾರೆ. ಅದೇ ಮಾರಸಿಂಹನು ಕೊನೆಗೆ ರಾಜ್ಯ ಬಿಟ್ಟು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಅವನ ಸಲ್ಲೇಖನವು ನೊಳಂಬರ ಮನೆಯ ಅಳುವನ್ನು ಅಳಿಸುವುದಿಲ್ಲ. ಆ ಅಳುವು ಅವನ ಸಲ್ಲೇಖನವನ್ನು ಸುಳ್ಳು ಮಾಡುವುದಿಲ್ಲ. ಸೈನಿಕನ ಚರಿತ್ರೆಯನ್ನು ಬರೆಯುವವನಿಗೆ ಇಂಥ ಎರಡು ಸತ್ಯಗಳನ್ನು ಒಂದೇ ಪುಟದಲ್ಲಿ ಇಡುವ ಧೈರ್ಯ ಬೇಕು.

ಶ್ರವಣಬೆಳಗೊಳದ ತ್ಯಾಗದ ಬ್ರಹ್ಮದೇವರ ಕಂಬದ ಕಥೆಯೂ ಈ ಸಂದರ್ಭಕ್ಕೆ ಹೊಂದುತ್ತದೆ. ಆ ಕಂಬದ ಮೇಲೆ ಚಾವುಂಡರಾಯನ ಕುಲ ಮತ್ತು ಯುದ್ಧಗಳನ್ನು ಹೇಳುವ ಶ್ಲೋಕಗಳಿದ್ದವು. ಇಂದು ಉಳಿದಿರುವುದು ಒಂದು ಮುಖದ ಬರಹ. ಸುಮಾರು ೧೨೦೦ರಲ್ಲಿ ಹೆಗ್ಗಡೆ ಕಣ್ಣನೆಂಬವನು ಕಂಬಕ್ಕೆ ಯಕ್ಷನನ್ನು ಮಾಡಿಸಿದನೆಂಬ ಎರಡೂವರೆ ಸಾಲಿನ ಶಾಸನಕ್ಕಾಗಿ ಉಳಿದ ಮೂರು ಮುಖಗಳನ್ನು ಒರೆಸಿಹಾಕಿಸಿದಂತೆ ತೋರುತ್ತದೆಂದು ಶಾಸನತಜ್ಞರು ಊಹಿಸಿದ್ದಾರೆ. ಅವನು ದುಷ್ಟನಾಗಿರಲಾರನು, ಭಕ್ತನೇ, ದಾನಿಯೇ. ತನ್ನ ದಾನಕ್ಕೆ ಸ್ಥಳ ಬೇಕಾಗಿತ್ತು, ಅಷ್ಟೆ. ಬಸದಿಗಳ ಗೋಡೆಗೆ ಹೊಸ ಅಮೃತಶಿಲೆಯ ಫಲಕ ಕೂರಿಸುವ ಟ್ರಸ್ಟುಗಳು ಹೆಗ್ಗಡೆ ಕಣ್ಣನನ್ನು ಆಗಾಗ ನೆನೆಯುವುದು ಒಳ್ಳೆಯದು.

ಇನ್ನು ಬರೆಯುವ ರೀತಿ. ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಇವುಗಳಲ್ಲಿ ಕೂಟಲೇಖಕ್ರಿಯೆಯನ್ನು ಸಾಮಾನ್ಯವಾಗಿ ವ್ಯಾಪಾರಕ್ಕೆ ಅನ್ವಯಿಸುತ್ತಾರೆ: ಸುಳ್ಳು ಪತ್ರ, ಸುಳ್ಳು ಲೆಕ್ಕ. ಕುಲವೃತ್ತಾಂತವೂ ಒಂದು ಲೇಖವೇ. ನಾಯಕನನ್ನು ಸುಬೇದಾರನನ್ನಾಗಿ, ಅಡುಗೆಯವನನ್ನು ಹೋರಾಟಗಾರನನ್ನಾಗಿ, ಡಿಪೋದಲ್ಲಿದ್ದವನನ್ನು ಗಡಿಯಲ್ಲಿದ್ದವನನ್ನಾಗಿ ಬರೆಯುವುದು ಮೊಮ್ಮಕ್ಕಳ ಪ್ರೀತಿಯಿಂದ ಹುಟ್ಟಿದ ಕೂಟಲೇಖ. ಸಾವಿರಾರು ಜನರಿಗೆ ರೊಟ್ಟಿ ಬೇಯಿಸಿದವನ ಬಾಳು ಹಗುರವಾದದ್ದೆಂದು ಎಣಿಸಿದವರಷ್ಟೇ ಅದನ್ನು ಬದಲಾಯಿಸುತ್ತಾರೆ. ಅಹಿಂಸೆಯ ದೃಷ್ಟಿಯಿಂದ ನೋಡಿದರೆ ಆ ಅಡುಗೆಯವನನ್ನು ಬಡ್ತಿ ಕೊಟ್ಟು ಕೊಲ್ಲುವವನನ್ನಾಗಿ ಮಾಡುವುದು ವಿಚಿತ್ರವಾದ ಗೌರವ.

ಕಷ್ಟವಿರುವುದು ಇನ್ನೊಂದು ಅತಿಚಾರದಲ್ಲಿ. ರಹೋಭ್ಯಾಖ್ಯಾನವೆಂದರೆ ಏಕಾಂತದಲ್ಲಿ ನಡೆದದ್ದನ್ನು ಬಯಲಿಗೆ ಹಾಕುವುದು. ಪಡೆಯಿಂದ ಮರಳಿದವನು ಊರಿನವರ ಮುಂದೆ ತಿಂಡಿ, ಚಳಿ, ರೈಲುಗಳ ಕಥೆಯನ್ನು ಹೇಳುತ್ತಾನೆ. ಆದರೆ ಎಂದೋ ಒಂದು ರಾತ್ರಿ, ನಿದ್ದೆ ಬಾರದಿದ್ದಾಗ, ತಮ್ಮನೊಡನೆಯೋ ಹೆಂಡತಿಯೊಡನೆಯೋ ಬೇರೆ ಒಂದು ಮಾತನ್ನು ಹೇಳಿರುತ್ತಾನೆ. ಎದುರಿಗೆ ಬಂದವನ ವಯಸ್ಸು ಎಷ್ಟಿತ್ತು, ಅವನ ಜೇಬಿನಲ್ಲಿ ಏನು ಸಿಕ್ಕಿತು ಎಂಬಂಥ ಮಾತು. ಅದು ಯಾವ ಡಿಸ್ಚಾರ್ಜ್ ಬುಕ್ಕಿನಲ್ಲಿಯೂ ಇಲ್ಲ. ಅವನು ಸತ್ತ ಮೇಲೆ ಕುಲವೃತ್ತಾಂತವನ್ನು ಬರೆಯಲು ಕುಳಿತ ತಮ್ಮನು ಅದನ್ನು ಬರೆದರೆ ಅಣ್ಣನ ಏಕಾಂತವನ್ನು ಮಾರಿದಂತಾಯಿತು. ಬರೆಯದಿದ್ದರೆ ಬಾಳಿನ ಅತ್ಯಂತ ಭಾರವಾದ ಒಂದು ದಿನವನ್ನು ಬಿಟ್ಟು ಬಾಳನ್ನು ಬರೆದಂತಾಯಿತು. ಸತ್ಯವ್ರತದ ಒಂದು ಅತಿಚಾರದಿಂದ ತಪ್ಪಿಸಿಕೊಳ್ಳಲು ಹೋಗಿ ಇನ್ನೊಂದರ ಅಂಚಿಗೆ ಬಂದು ನಿಲ್ಲುವ ಸ್ಥಿತಿ.

ಇದಕ್ಕೆ ದಾರಿ ನಾಲ್ಕನೆಯ ಅತಿಚಾರವಾದ ನ್ಯಾಸಾಪಹಾರದಲ್ಲಿ ದೊರೆಯುತ್ತದೆಂದು ತೋರುತ್ತದೆ. ನ್ಯಾಸವೆಂದರೆ ನಂಬಿ ಇಟ್ಟ ಅಡವು, ಠೇವಣಿ. ಇಟ್ಟುಕೊಂಡವನು ಅದನ್ನು ಖರ್ಚು ಮಾಡುವಂತಿಲ್ಲ, ಇಟ್ಟೇ ಇಲ್ಲವೆಂದು ಹೇಳುವಂತೆಯೂ ಇಲ್ಲ. ಕಛೇರಿಗಾಗಿ ಸೈನಿಕನು ಬರೆಯಿಸಿಕೊಂಡದ್ದು, ಎಲ್ಲರ ಮುಂದೆ ಹೇಳಿದ್ದು ಬಹಿರಂಗ ಖಾತೆ. ಅದನ್ನು ಇದ್ದಂತೆ ಬರೆಯಬೇಕು. ಒಬ್ಬರಿಗೇ ಹೇಳಿದ್ದು ಅವರಲ್ಲಿಟ್ಟ ನ್ಯಾಸ. ತಮ್ಮನು ಅದನ್ನು ಪುಸ್ತಕಕ್ಕೆ ಕೊಡಬೇಕಾಗಿಲ್ಲ. ಆದರೆ ‘ನಮ್ಮಣ್ಣ ಯಾರ ಮೇಲೂ ಗುಂಡು ಹಾರಿಸಲೇ ಇಲ್ಲ’ ಎಂದು ಬರೆಯುವ ಅಧಿಕಾರವೂ ಅವನಿಗಿಲ್ಲ. ‘ಯುದ್ಧದ ಕೆಲವು ಸಂಗತಿಗಳನ್ನು ಅವರು ಮನೆಯವರೊಬ್ಬರಿಗೆ ಮಾತ್ರ ಹೇಳಿದ್ದರು’ ಎಂಬ ಒಂದು ಸಾಲು ಬರೆದು ನಿಲ್ಲಿಸಬಹುದು. ಖಾತೆಯಲ್ಲಿ ಠೇವಣಿಯನ್ನು ತೋರಿಸಿ, ಠೇವಣಿದಾರನ ಗುಟ್ಟನ್ನು ಕಾಯುವ ರೀತಿ ಅದು. ಸತ್ಯವೆಂದರೆ ಎಲ್ಲವನ್ನೂ ಹೇಳಿಬಿಡುವುದೆಂದು ತಿಳಿದವರಿಗೆ ಇದು ಹಿಡಿಸದಿರಬಹುದು. ಅಂಥವರು ಹೆಚ್ಚಾಗಿ ಇತರರ ಗುಟ್ಟುಗಳ ವಿಷಯದಲ್ಲಿ ಮಾತ್ರ ಸತ್ಯಸಂಧರಾಗಿರುತ್ತಾರೆ.

ಮೃತನಿಗೆ ಈ ಬರಹದಿಂದ ಏನು ಲಾಭ ಎಂದು ಕೇಳುವವರುಂಟು. ಜೈನಸಿದ್ಧಾಂತದ ಪ್ರಕಾರ ಏನೂ ಇಲ್ಲ. ಜೀವವು ತನ್ನ ಕರ್ಮಕ್ಕೆ ತಕ್ಕ ಗತಿಗೆ ಆಗಲೇ ಹೋಗಿದೆ. ಪಿಂಡವೂ ಮುಟ್ಟದು, ಪ್ರಶಂಸೆಯೂ ಮುಟ್ಟದು. ವೀರಗಲ್ಲಿನ ನಡುವಣ ಪಟ್ಟಿಕೆಯನ್ನು ಶ್ವೇತಾಂಬರ ಆಗಮವಾದ ಭಗವತೀಸೂತ್ರ ನೇರವಾಗಿಯೇ ಪ್ರಶ್ನಿಸುತ್ತದೆ. ರಣದಲ್ಲಿ ಮಡಿದವರೆಲ್ಲ ದೇವಲೋಕಕ್ಕೆ ಹೋಗುವರೆಂದು ಜನ ಹೇಳುತ್ತಾರಲ್ಲ, ಅದು ನಿಜವೇ ಎಂದು ಗೌತಮ ಕೇಳಿದಾಗ ಮಹಾವೀರರು ಅಲ್ಲವೆಂದು ಹೇಳಿ ವೈಶಾಲಿಯ ವರುಣನ ಕಥೆಯನ್ನು ಹೇಳುತ್ತಾರೆ. ವರುಣನು ವ್ರತಧಾರಿ ಶ್ರಾವಕ, ಉಪವಾಸಶೀಲ. ಅರಸನ ಆಜ್ಞೆಯಿಂದ ರಥಮುಸಲ ಯುದ್ಧಕ್ಕೆ ಹೋಗಬೇಕಾಯಿತು. ತನ್ನನ್ನು ಮೊದಲು ಹೊಡೆದವನನ್ನು ಮಾತ್ರ ಹೊಡೆಯುವೆನೆಂಬ ನಿಯಮ ಹಿಡಿದು ಹೋದ. ಎದುರಾಳಿ ಮೊದಲು ಬಾಣ ಬಿಟ್ಟ, ವರುಣ ಅವನನ್ನು ಕೊಂದ. ಮಾರಕವಾದ ಗಾಯದಿಂದ ರಥವನ್ನು ತಿರುಗಿಸಿ, ಯುದ್ಧಭೂಮಿಯಿಂದ ದೂರ ಹೋಗಿ, ದರ್ಭೆಯ ಹಾಸಿನ ಮೇಲೆ ಪೂರ್ವಾಭಿಮುಖನಾಗಿ ಕುಳಿತು, ಸಕಲ ಹಿಂಸೆಯನ್ನು ತ್ಯಜಿಸಿ, ಆಮೇಲೆ ಬಾಣವನ್ನು ಕಿತ್ತು ಪ್ರಾಣ ಬಿಟ್ಟ. ದೇವತೆಗಳು ಹೂ ಸುರಿಸಿದರು. ಕಂಡ ಜನ ಅದನ್ನು ಯುದ್ಧದ ಫಲವೆಂದು ತಿಳಿದರು. ಅದು ತ್ಯಾಗದ ಫಲವಾಗಿತ್ತು. ಅವನ ಪಕ್ಕದಲ್ಲಿ ಗಾಯಗೊಂಡಿದ್ದ ಗೆಳೆಯನಿಗೆ ವ್ರತಗಳ ಹೆಸರೂ ತಿಳಿಯದು. ವರುಣನಿಗೆ ಯಾವ ವ್ರತಗಳಿವೆಯೋ ಅವೇ ತನಗೂ ಇರಲಿ ಎಂದುಕೊಂಡು ಸತ್ತನು, ಅವನಿಗೂ ಸದ್ಗತಿಯಾಯಿತು.

ಈ ಕಥೆಯಲ್ಲಿ ನಡೆದದ್ದು ದಾಖಲೆಯನ್ನು ತಪ್ಪಾಗಿ ಓದಿದ ಪ್ರಸಂಗ. ಹೂಮಳೆ ಬಿದ್ದದ್ದು ನಿಜ, ಯಾವುದಕ್ಕೆ ಬಿತ್ತೆಂಬುದನ್ನು ಬರೆದಿಟ್ಟವರಿಲ್ಲದೆ ಇಡೀ ಜನಪದ ತಪ್ಪು ನಂಬಿಕೆಗೆ ಬಿದ್ದಿತು. ಸೈನಿಕನ ಮನೆಯವರು ಪದಕವನ್ನಷ್ಟೇ ಇಟ್ಟುಕೊಂಡರೆ ಮುಂದಿನವರು ಕೊಂದದ್ದಕ್ಕೇ ಅದು ಬಂತೆಂದು ಓದಿಕೊಳ್ಳುತ್ತಾರೆ. ಅವನು ಮರಳಿ ಬಂದ ಮೇಲೆ ಬಿಟ್ಟ ಅಭ್ಯಾಸ, ಹಿಡಿದ ನಿಯಮ, ಚತುರ್ದಶಿಯಂದು ಮಾಡಿದ ಉಪವಾಸ, ದೀಪಾವಳಿಯಲ್ಲಿ ಪಟಾಕಿಯ ಸದ್ದಿಗೆ ಒಳಗೆ ಹೋಗಿ ಕುಳಿತದ್ದು ಇವೂ ಆ ಪುಟದಲ್ಲಿ ಇರಬೇಕು. ಇವು ಯಾವ ರೆಕಾರ್ಡ್ ಆಫೀಸಿನಲ್ಲಿಯೂ ಎಂದೂ ಇರಲಿಲ್ಲ.

ಕಾಲಾವಕಾಶ ಮಾತ್ರ ಕಡಿಮೆಯಿದೆ. ೧೯೬೨ರಲ್ಲಿ ಪಡೆಯಲ್ಲಿದ್ದವರು ಎಂಬತ್ತು ದಾಟಿದ್ದಾರೆ. ೧೯೭೧ರಲ್ಲಿ ಇಪ್ಪತ್ತರ ಹರೆಯದವರಾಗಿದ್ದವರು ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಅವರೊಡನೆ ಕುಳಿತು ಕೇಳುವವನು ಪ್ರಶ್ನೆಗಳ ಪಟ್ಟಿ ಹಿಡಿದು ಹೋಗುವುದಕ್ಕಿಂತ ಛಾಯಾಚಿತ್ರ ಹಿಡಿದು ಹೋಗುವುದು ಲೇಸು. ‘ಅಜ್ಜಾ, ಇವರು ಯಾರು?’ ಎಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ಬಾರದಿದ್ದರೆ ಅಲ್ಲಿಗೆ ಬಿಡಬೇಕು. ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಬೇಕು. ಶಾಯಿ ಮುಂಬದಿಗೆ ಇಳಿಯುತ್ತದೆ. ಡಿಸ್ಚಾರ್ಜ್ ಬುಕ್ಕಿಗೆ ಪ್ಲಾಸ್ಟಿಕ್ಕಿನ ಲ್ಯಾಮಿನೇಷನ್ ಮಾಡಿಸಬಾರದು. ಆಮೇಲೆ ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಈ ಜಿಲ್ಲೆಯ ಒಣ ಹವೆ ಕಾಗದಕ್ಕೆ ಉಪಕಾರಿ, ಗೆದ್ದಲು ಮಾತ್ರ ಶತ್ರು. ಆದುದರಿಂದ ಪೆಟ್ಟಿಗೆ ನೆಲದಿಂದ ಮೇಲಿರಬೇಕು.

ಬಸದಿಗಳ ಟ್ರಸ್ಟುಗಳು ಇದರಲ್ಲಿ ಮಾಡಬಹುದಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ದಾನಿಗಳ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕ, ಬೀರುವಿನಲ್ಲಿ ಒಂದು ಅರೆ. ಊರಿನ ಯಾವ ಜಾತಿಯ ಸೈನಿಕನ ಮನೆಯವರು ಬಂದು ಕೇಳಿದರೂ ಅವರ ಕಾಗದಗಳ ಒಂದು ಪ್ರತಿಯನ್ನು ಅಲ್ಲಿ ಇಟ್ಟುಕೊಳ್ಳಬಹುದು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಎಂಟು ಶತಮಾನಗಳಿಗೂ ಮಿಕ್ಕಿ ನಿಂತಿದೆ; ಕಲ್ಲಿನ ಕಟ್ಟಡಗಳು ಮನೆಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ. ಮನೆಗಳು ಪಾಲಾಗುತ್ತವೆ, ಮಾರಾಟವಾಗುತ್ತವೆ, ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ.

ಮುಂದಿನ ದೀಪಾವಳಿಗೆ, ವೀರ ನಿರ್ವಾಣದ ಮರುದಿನ, ಅಂಗಡಿಗಳಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ನಡೆಯುತ್ತದೆ. ಹಳೆಯದನ್ನು ಅಟ್ಟಕ್ಕೆ ಏರಿಸುತ್ತಾರೆ. ಏಣಿ ಹೇಗೂ ಇಟ್ಟಿರುತ್ತದೆ. ಮೇಲಿನ ತಗಡಿನ ಪೆಟ್ಟಿಗೆಯನ್ನು ಅಂದೇ ಕೆಳಗಿಳಿಸಿ, ಛಾಯಾಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಅಜ್ಜಿಯ ಮುಂದೆ ತೆರೆಯಬಹುದು. ಅವಳ ಕಣ್ಣಿಗೆ ಆಗ ಇನ್ನೂ ಬೆಳಕಿದ್ದರೆ ಸಾಕು.